ಅರ್ಧ ಹೊಡೆದ ಮೊಳೆ

ವೆಂಕಟರಾಮುವಿನ ಜಾತಕದಲ್ಲಿ ಏನೇನು ದೋಷಗಳಿದ್ದವೋ ಜೋಯಿಸರಿಗೆ ಗೊತ್ತು. ನಮಗೆ ಗೊತ್ತಿರುವ ದೋಷ ಒಂದೇ. ಯಾರು ಏನು ಕೇಳಿದರೂ ಅವನು "ಅದಕ್ಕೆ ಮೂರು ದಾರಿ ಇದೆ" ಎಂದು ಶುರು ಮಾಡುತ್ತಿದ್ದ. ದೋಹಾದ ಒಂದು ಲಿಫ್ಟ್ ಕಂಪನಿಯಲ್ಲಿ ಅವನು ರಜೆ ಮತ್ತು ಟಿಕೆಟ್ ವಿಭಾಗದ ಗುಮಾಸ್ತ. ಊರಿಗೆ ಹೊರಟವರಿಗೆ ಮುಂಬಯಿ ಮೇಲೆ ಹೋಗಬಹುದು, ಚೆನ್ನೈ ಮೇಲೆ ಹೋಗಬಹುದು, ಕಲ್ಲಿಕೋಟೆಯಲ್ಲಿ ಇಳಿದು ಬಸ್ಸು ಹಿಡಿಯಬಹುದು ಎಂದು ಹೇಳಿ ಹೇಳಿ ಆ ಮಾತು ನಾಲಿಗೆಗೆ ಅಂಟಿಕೊಂಡಿತ್ತು. ಟಿಕೆಟ್ಟಿನ ಮಟ್ಟಿಗೆ ಅದು ನಿಜವೂ ಹೌದು. ಆದರೆ ಕಿವಿನೋವಿಗೆ, ಕೆಟ್ಟ ಮಿಕ್ಸಿಗೆ, ತಮ್ಮನ ಮಗಳ ಮದುವೆ ಮಾತುಕತೆಗೆ, ಎಲ್ಲದಕ್ಕೂ ಮೂರು ದಾರಿ ಹೇಳುವವನು ಒಂದಲ್ಲ ಒಂದು ದಿನ ದಾರಿಯೇ ಇಲ್ಲದ ಕಡೆ ಹೋಗಿ ನಿಲ್ಲಬೇಕಾಗುತ್ತದೆ. ಅವನ ಪಾಲಿಗೆ ಆ ದಿನ 2007ರ ಮಾರ್ಚಿನಲ್ಲಿ ಬಂತು.

ಆಗ ಅವನು ಹೆಂಡತಿ ವತ್ಸಲಾ ಮತ್ತು ಮಗಳು ಗಾನವಿಯ ಜೊತೆ ಐನ್ ಖಾಲಿದ್‌ನಲ್ಲಿ ಅಬು ರಾಶಿದ್ ಎಂಬವರ ವಿಲ್ಲಾದ ಹಿಂದಿನ ಮನೆಯಲ್ಲಿದ್ದ. ಮುಂದೆ ಅಬು ರಾಶಿದರ ದೊಡ್ಡ ಮನೆ, ಪಕ್ಕದ ಪೋರ್ಶನ್ನಿನಲ್ಲಿ ಉಡುಪಿ ಕಡೆಯ ಯಜ್ಞೇಶ್, ಹಿಂದೆ ಇವರು. ಹಿಂದಿನ ಮನೆ ಎಂದರೆ ಒಂದು ಕಾಲದಲ್ಲಿ ಡ್ರೈವರುಗಳಿಗಾಗಿ ಕಟ್ಟಿದ ಎರಡು ಕೋಣೆ, ಒಂದು ಅಡುಗೆಮನೆ. ಹೊರಗೋಡೆ ಉಪ್ಪು ಹಿಡಿದು, ಗಿಲಾವು ಹಕ್ಕಳೆ ಹಕ್ಕಳೆಯಾಗಿ ಉದುರಿ, ಹುಣ್ಣಾದ ಮೈಯಂತೆ ಕಾಣುತ್ತಿತ್ತು. ಆದರೂ ಅದು ಮನೆ. ಆ ವರ್ಷ ದೋಹಾದಲ್ಲಿ ಬೀದಿಗೆ ಬೀದಿಯೇ ಕೆಡವಿ ಗೋಪುರ ಏಳಿಸುತ್ತಿದ್ದರು. ಸಂಸಾರಸ್ಥರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಹಂಚಿಕೆಯ ಕೋಣೆಗಳಲ್ಲಿ ಮಂಚದ ಮೇಲೊಂದು ಮಂಚ ಹಾಕಿಕೊಂಡು ಮಲಗುತ್ತಿದ್ದರು. ಅಂಥವರ ಹೆಂಡಿರಿಗೆ ಬರಿ ಹೋಗುವ ಟಿಕೆಟ್ಟು ಮಾಡಿಸುವುದು ವೆಂಕಟರಾಮುವಿನ ಕೆಲಸವಾಗಿತ್ತು. ಅವನೇ ಮದುವೆಯಾದ ಮೇಲೆ ಬಹಳ ವರ್ಷ ಫೋನಿನಲ್ಲಿ ಸಂಸಾರ ಮಾಡಿದವನು. ಮಗಳಿಗೆ ಅಪ್ಪ ಎಂದರೆ ಶುಕ್ರವಾರ ಬರುವ ಒಂದು ದನಿ ಅಷ್ಟೇ ಆಗಿತ್ತು. ಈ ಹುಣ್ಣು ಗೋಡೆಯ ಮನೆ ಸಿಕ್ಕ ಮೇಲೆ ಆ ದನಿಗೆ ಒಂದು ಮುಖ ಬಂದಿತ್ತು.

ಮನೆ ಸಿಕ್ಕಿದ್ದರಲ್ಲೂ ಒಂದು ಎಡವಟ್ಟಿತ್ತು. ಮೊದಲ ದಿನ ಅವನ ಕನ್ನಡಕ ಮತ್ತು ಜೇಬಿನ ಎರಡು ಪೆನ್ನು ನೋಡಿ ಅಬು ರಾಶಿದರು "ಮುಹಂದಿಸ್" ಎಂದು ಕೈ ಕುಲುಕಿದ್ದರು.

"ಹಾಗಂದರೆ?" ಎಂದು ವೆಂಕಟರಾಮು ಕೇಳಿದ್ದ.

"ಎಂಜಿನಿಯರ್ ಅಂತ," ಅಂದಿದ್ದ ಯಜ್ಞೇಶ್. ಇಪ್ಪತ್ತು ವರ್ಷದಿಂದ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಅರಬ್ಬಿಯಲ್ಲೇ ಜಗಳವಾಡುವಷ್ಟು ಪಳಗಿದವನು ಅವನು. "ಇರ್ಲಿ ಬಿಡಿ ಮಾರಾಯ್ರೆ. ಎಂಜಿನಿಯರ್ ಅಂದ್ರೆ ಅವರಿಗೊಂದು ಧೈರ್ಯ. ಮನೆ ಬಿಡಿ ಅಂತ ಹೇಳ್ಲಿಕ್ಕಿಲ್ಲ."

ಹಾಗೆ ಅದು ಇದ್ದುಬಿಟ್ಟಿತು. ತಿಂಗಳೊಳಗೆ ಇಡೀ ಬೀದಿ ಅವನನ್ನು ಮುಹಂದಿಸ್ ಎನ್ನತೊಡಗಿತು. ಗಾನವಿ ಶಾಲೆಯಲ್ಲೂ ಅದನ್ನೇ ಹೇಳಿದಳು. ಯಾರದೋ ಏಸಿ ಸೋರಿದರೆ, ಯಾರದೋ ಗೋಡೆ ಬಿರುಕು ಬಿಟ್ಟರೆ ಇವನನ್ನು ಕರೆದು ತೋರಿಸುತ್ತಿದ್ದರು. ಇವನು ಬೆರಳಿನಿಂದ ತಟ್ಟಿ ನೋಡಿ ಮೂರು ದಾರಿ ಹೇಳಿ ಬರುತ್ತಿದ್ದ.

ಮಾರ್ಚಿನ ಒಂದು ಶುಕ್ರವಾರ ಅಬು ರಾಶಿದರು ವೆಂಕಟರಾಮು, ಯಜ್ಞೇಶ್ ಇಬ್ಬರನ್ನೂ ತಮ್ಮ ಮಜ್ಲಿಸಿಗೆ, ಅಂದರೆ ಗಂಡಸರು ಕೂತು ಮಾತಾಡುವ ಹೊರಕೋಣೆಗೆ ಕರೆಸಿದರು. ಕಾಫಿ ಬಂತು, ಖರ್ಜೂರ ಬಂತು. ಆಮೇಲೆ ಮಾತು ಬಂತು. ಅಬು ರಾಶಿದರು ಮೆಲುದನಿಯ ಮನುಷ್ಯ. ಎಂಥ ಕೆಟ್ಟ ಸುದ್ದಿಯನ್ನೂ ಆರೋಗ್ಯ ವಿಚಾರಿಸಿದಂತೆ ಹೇಳುತ್ತಿದ್ದರು. ಯಜ್ಞೇಶ್ ಅದನ್ನು ಕನ್ನಡಕ್ಕೆ ಇಳಿಸಿದ.

"ಜೂನ್ ಕೊನೆಗೆ ಮಗ ರಾಶಿದನ ಮದುವೆಯಂತೆ. ಗಂಡಸರಿಗೆ ದೊಡ್ಡ ಡೇರೆ ಹಾಕ್ಲಿಕ್ಕುಂಟಂತೆ. ಪಕ್ಕದ ಖಾಲಿ ಜಾಗದಲ್ಲಿ ಹಾಕ್ಬಹುದು, ಆದ್ರೆ ಅಲ್ಲಿಗೆ ಬರುವವರಿಗೆ ಎದುರು ಕಾಣುವುದು ನಿಮ್ಮ ಗೋಡೆ. ಆ ಗೋಡೆ ನೋಡಿದವರಿಗೆ ಊಟ ಸೇರ್ಲಿಕ್ಕಿಲ್ಲ ಅಂತ ಹೇಳ್ತಿದ್ದಾರೆ."

"ಹಾಗಾದರೆ?"

"ಗೋಡೆ ಚಂದ ಆಗ್ಬೇಕು. ಆಗದಿದ್ರೆ ನಿಮ್ಮ ಮನೆ ಕೆಡವಿ ಡೇರೆಯನ್ನು ಇಲ್ಲೇ ಹಾಕುದು. ಖಲಾಸ್."

ಗೋಡೆ ಚೆಂದವಾಗುವುದಕ್ಕೆ ಬೇಕಾದ ಸಾಮಾನು ಆಗಲೇ ಅಂಗಳದಲ್ಲಿ ಬಿದ್ದಿತ್ತು. ರಾಶಿದ ಅಮೆರಿಕದಲ್ಲಿ ಓದಿ ಬಂದವನು. ಅಲ್ಲಿ ಮನೆಗಳ ಹೊರಗೋಡೆಗೆ ಒಂದರ ಮೇಲೊಂದು ಬರುವಂತೆ ಉದ್ದನೆಯ ಪ್ಲಾಸ್ಟಿಕ್ ಹಲಗೆ ಹೊದಿಸುತ್ತಾರೆ, ಅದಕ್ಕೆ ವಿನೈಲ್ ಸೈಡಿಂಗ್ ಎನ್ನುತ್ತಾರೆ. ದೂರಕ್ಕೆ ಮರದ ಮನೆಯಂತೆಯೇ ಕಾಣುತ್ತದೆ. ಯಾವುದೋ ವಿದೇಶಿ ಕಂಪನಿಯ ಕಾಲೋನಿಗೆ ಬಂದು ಉಳಿದಿದ್ದ ಅಂಥ ಹಲಗೆಗಳ ಪೆಟ್ಟಿಗೆಗಳನ್ನು ಅವನು ಲಾರಿಯಲ್ಲಿ ತಂದು ಇಳಿಸಿದ್ದ.

"ಈ ಕೆಲಸ ಮುಹಂದಿಸ್‌ಗೆ ಗೊತ್ತುಂಟಾ ಅಂತ ಕೇಳ್ತಿದ್ದಾರೆ," ಅಂದ ಯಜ್ಞೇಶ್.

ಇಲ್ಲಿ ಒಂದು ಗಳಿಗೆ ನಿಂತು ಯೋಚಿಸಬೇಕು. 'ಗೊತ್ತಿಲ್ಲ' ಎನ್ನುವುದು ತೀರ ಚಿಕ್ಕ ಮಾತು. ಯಜ್ಞೇಶ್ ಅದನ್ನು ಅರಬ್ಬಿಗೆ ತಿರುಗಿಸಲು ಉಸಿರು ಕೂಡ ಎಳೆದುಕೊಳ್ಳಬೇಕಾಗಿರಲಿಲ್ಲ. ಆದರೆ ಸುತ್ತ ಕೂತ ಹಿರಿಯರೆಲ್ಲ ಫಿಂಜಾನು ಎಂಬ ಪುಟ್ಟ ಕಾಫಿ ಬಟ್ಟಲುಗಳನ್ನು ಕೈಯಲ್ಲೇ ಹಿಡಿದು ಇವನ ಕನ್ನಡಕವನ್ನು ನೋಡುತ್ತಿದ್ದರು.

"ಅದಕ್ಕೆ ಮೂರು ದಾರಿ ಇದೆ," ಅಂದ ವೆಂಕಟರಾಮು.

ಯಜ್ಞೇಶ್ ತಿರುಗಿಸಿ ಹೇಳಿದ. ಅಬು ರಾಶಿದರು ಮೂರು ಬೆರಳು ಎತ್ತಿ ಎಲ್ಲರಿಗೂ ತೋರಿಸಿದರು. ಮಜ್ಲಿಸಿನಲ್ಲಿ ಸಮಾಧಾನ ಹರಡಿತು. ಕೂಡಲೇ ಅವರು ಯಾರಿಗೋ ಫೋನು ಮಾಡಿ ಎರಡೇ ಮಾತಾಡಿ ಇಟ್ಟರು. ಅದೇನೆಂದು ಯಾರೂ ಕೇಳಲಿಲ್ಲ.

ಮನೆಗೆ ಬಂದು ವತ್ಸಲಾಳಿಗೆ ವಿಷಯ ಹೇಳಿದ.

"ಕ್ಯಾಲೆಂಡರ್ ಹಾಕೋಕೆ ಒಂದು ಮೊಳೆ ಹೊಡೀರಿ ಅಂತ ಯುಗಾದಿಯಿಂದ ಹೇಳ್ತಿದೀನಿ," ಅಂದಳು ಅವಳು. "ಹೋದ ವರ್ಷದ ಯುಗಾದಿ."

"ಅದು ಬೇರೆ, ಇದು ಬೇರೆ."

"ನಿಮಗೆ ಗೊತ್ತಾ ಇದು?"

"ಪೆಟ್ಟಿಗೆ ಒಳಗೆ ಕಾಗದ ಇರತ್ತೆ. ಓದಿದರೆ ಆಯ್ತು."

ಪೆಟ್ಟಿಗೆಯೊಳಗೆ ಕಾಗದ ಇತ್ತು. ಓದಿದ. ಆಶ್ಚರ್ಯದ ಮಾತೆಂದರೆ ನಿಜಕ್ಕೂ ಮೂರು ದಾರಿಗಳಿದ್ದವು. ಹಲಗೆಗಳನ್ನು ನೇರ ಗೋಡೆಗೇ ಬಡಿಯಬಹುದು. ಗೋಡೆಗೆ ದಪ್ಪ ಫೋಮು ಅಂಟಿಸಿ ಅದರ ಮೇಲೆ ಬಡಿಯಬಹುದು. ಅಥವಾ ಗೋಡೆಗೆ ಮರದ ಪಟ್ಟಿಗಳನ್ನು ಸಾಲಾಗಿ ಕೂರಿಸಿ, ಆ ಪಟ್ಟಿಗಳಿಗೆ ಹಲಗೆ ತೂಗುಹಾಕಬಹುದು. ಜೀವಮಾನದಲ್ಲಿ ಮೊದಲ ಬಾರಿ ತನ್ನ ಮಾತು ಅಕ್ಷರಶಃ ನಿಜವಾದದ್ದು ನೋಡಿ ವೆಂಕಟರಾಮುವಿಗೆ ತಲೆ ಸ್ವಲ್ಪ ತಿರುಗಿತು. ಆ ತಿರುಗಿದ ತಲೆಯಿಂದಲೇ ಅವನು ಸರಿಯಾದ ದಾರಿಯನ್ನು ಆರಿಸಿದ ಎಂಬುದನ್ನು ನಾವು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡಬೇಕು. ತನ್ನ ಗೋಡೆ ಡೊಂಕು, ಉದುರುವ ಗೋಡೆ. ಮರದ ಪಟ್ಟಿಯೇ ಸರಿ ಎಂದು ತೀರ್ಮಾನಿಸಿದ. ಕಾಗದದ ಕೆಳಗೆ ದಪ್ಪಕ್ಷರದಲ್ಲಿದ್ದ ಎಚ್ಚರಿಕೆಯನ್ನೂ ಓದಿದ. ಮೊಳೆಯನ್ನು ಪೂರ್ತಿ ಹೊಡೆಯಬಾರದು. ತಲೆಯ ಕೆಳಗೆ ಒಂದು ನಾಣ್ಯ ತೂರುವಷ್ಟು ಸಂದು ಬಿಡಬೇಕು. ಹಲಗೆ ಆಚೆ ಈಚೆ ಜರುಗುವಂತಿರಬೇಕು.

"ಯಾಕೆ ಹಾಗೆ?" ಎಂದಳು ವತ್ಸಲಾ.

"ಬಿಸಿಲಿಗೆ ಅದು ಉದ್ದ ಆಗತ್ತೆ, ಚಳಿಗೆ ಗಿಡ್ಡ ಆಗತ್ತೆ. ಹಗ್ಗದ ಮೇಲೆ ಟವೆಲ್ ಹಾಕಿರ್ತೀಯಲ್ಲ, ಹಾಗೆ ನೇತಾಡ್ಕೊಂಡಿರಬೇಕು. ಬಿಗಿ ಹಿಡಿದರೆ ಸೊಟ್ಟ ಆಗತ್ತೆ."

ಅವಳಿಗೆ ಅದು ಅರ್ಥವಾಯಿತು. ಆ ಕಾಂಪೌಂಡಿನಲ್ಲಿ ಅರ್ಥವಾದದ್ದು ಅವಳೊಬ್ಬಳಿಗೇ.

ಬಡಗಿ ಮೂಸಬ್ಬನನ್ನು ಯಜ್ಞೇಶನೇ ಕರೆತಂದ. ಉಳ್ಳಾಲದ ಕಡೆಯವನು, ಕೈಗಿಂತ ಬಾಯಿ ಜೋರು. ಇಂಥ ಹಲಗೆ ಅವನು ಕಂಡಿರಲಿಲ್ಲ, ಕಂಡಿಲ್ಲ ಎಂದು ಒಪ್ಪಿಕೊಳ್ಳಲೂ ಇಲ್ಲ. ಮರದ ಪಟ್ಟಿ ಕೂರಿಸುವಾಗ ಹಾಡು ಹೇಳುತ್ತಿದ್ದವನು ಅರ್ಧ ಮೊಳೆಯ ಮಾತು ಕೇಳಿ ಸುತ್ತಿಗೆಯನ್ನು ನೆಲಕ್ಕಿಟ್ಟ.

"ಸಾರ್, ನಮ್ಮ ಅಪ್ಪ ದೋಣಿ ಕಟ್ಟಿದವರು. ಅರ್ಧ ಮೊಳೆ ಹೊಡೆದ್ರೆ ಸಮುದ್ರದಲ್ಲಿ ಎಂತ ಆಗ್ತದೆ ಗೊತ್ತುಂಟಾ ನಿಮ್ಗೆ?"

"ಇದು ದೋಣಿ ಅಲ್ಲಪ್ಪ, ಗೋಡೆ."

"ಗೋಡೆಯಾದ್ರೂ ಮರ್ಯಾದೆ ಉಂಟಲ್ಲ. ನಾಳೆ ಯಾರಾದ್ರೂ ಇದು ಮೂಸಬ್ಬ ಹೊಡೆದ ಮೊಳೆ ಅಂದ್ರೆ ನಾನು ಎಲ್ಲಿ ಮುಖ ಇಟ್ಕೊಳ್ಳುದು?"

ಕೊನೆಗೆ, ಈ ಮೊಳೆಗಳಿಗೂ ತನಗೂ ಸಂಬಂಧವಿಲ್ಲ ಎಂದು ಯಜ್ಞೇಶನ ಎದುರು ವೆಂಕಟರಾಮುವಿನಿಂದ ಮೂರು ಸಲ ಹೇಳಿಸಿಕೊಂಡ ಮೇಲೆ ಅವನು ಕೆಲಸ ಮುಗಿಸಿದ. ಏಪ್ರಿಲ್ ಮೊದಲ ವಾರಕ್ಕೆ ಗೋಡೆ ಎದ್ದು ನಿಂತಿತು. ಹಾಲಿನ ಕೆನೆಯ ಬಣ್ಣ, ಸಾಲು ಸಾಲು ಹಲಗೆ. ಅಬು ರಾಶಿದರು ಬಂದು ಎದೆಯ ಮೇಲೆ ಕೈಯಿಟ್ಟು ಮೆಚ್ಚಿದರು. ಡೇರೆ ಪಕ್ಕದ ಜಾಗದಲ್ಲೇ ಎಂದರು. ವತ್ಸಲಾ ಆ ಸಂಜೆ ಒಬ್ಬಟ್ಟು ಮಾಡಿದಳು. ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಮುಗಿಯಲು ನಮ್ಮ ಜನ ಬಿಡಬೇಕಲ್ಲ.

ಗಲ್ಫಿನಲ್ಲಿ ಕನ್ನಡಿಗರಿಗೆ ಶುಕ್ರವಾರ ಎಂದರೆ ಒಬ್ಬರ ಮನೆಗೆ ಒಬ್ಬರು ಹೋಗುವ ದಿನ. ಹೋದ ಮನೆಯಲ್ಲಿ ಹೊಸತೇನಾದರೂ ಇದ್ದರೆ ಅದನ್ನು ಮುಟ್ಟಿ ನೋಡುವುದು, ತಟ್ಟಿ ನೋಡುವುದು, ಆಮೇಲೆ ಒಂದು ಕೊರತೆ ಹೇಳುವುದು. ಕೊರತೆ ಹೇಳದೆ ಬಂದರೆ ಹೊಟ್ಟೆಕಿಚ್ಚು ಎಂದುಕೊಂಡಾರು ಎಂಬ ಭಯ. ಮೊದಲು ಬಂದವರು ಕನ್ನಡ ಸಂಘದ ಮಹಿಳಾ ವಿಭಾಗದ ಲಲಿತಮ್ಮ. ಅವರು ಗೋಡೆಯ ಒಂದು ಹಲಗೆಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಅದು ಅಲ್ಲಾಡಿತು.

"ಲೂಸಾಗಿದೆಯಲ್ಲ, ವತ್ಸಲಾ."

"ಹಾಗೇ ಇರಬೇಕಂತೆ."

"ಯಾರಂದ್ರು? ಬಡಗಿನಾ? ಪಾಪ, ಮೋಸ ಹೋಗಿದೀರಿ."

ಮುಂದಿನ ಶುಕ್ರವಾರ ಬಂದವರೂ ಅಲ್ಲಾಡಿಸಿದರು. ಅದರ ಮುಂದಿನವರಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಅವರು ಚಪ್ಪಲಿ ಬಿಡುವ ಮೊದಲೇ ಗೋಡೆಗೆ ಹೋಗಿ ಅಲ್ಲಾಡಿಸಿ ಒಳಗೆ ಬಂದರು. ಮಕ್ಕಳು ಅದನ್ನೇ ಆಟ ಮಾಡಿಕೊಂಡವು. ವೆಂಕಟರಾಮು ಪ್ರತಿಯೊಬ್ಬರಿಗೂ ನಾಣ್ಯ, ಸಂದು, ಬಿಸಿಲು ಎಂದು ವಿವರಿಸುತ್ತಿದ್ದ.

"ಗೋಡೆ ಬೆಳೆಯತ್ತಾ?" ಎಂದು ಒಬ್ಬರು ನಕ್ಕರು. "ಈ ದೇಶದಲ್ಲಿ ನಮ್ಮ ರಜೆನೇ ಬೆಳೆಯಲ್ಲ."

ಕೊನೆಗೆ ರಾಮಸ್ವಾಮಿಗಳು ಬಂದರು. ಇವರು ನಿಜವಾದ ಎಂಜಿನಿಯರು. ಮೈಸೂರಿನವರು, ಊರಲ್ಲಿ ಸೇತುವೆ ಕಟ್ಟಿಸಿ ಇಲ್ಲಿ ಸಲಹೆಗಾರರಾಗಿದ್ದವರು. ಅವರು ಹಲಗೆಯನ್ನು ಬೆರಳಲ್ಲಲ್ಲ, ಅಂಗೈಯಲ್ಲಿ ಅಲ್ಲಾಡಿಸಿದರು.

"ಗಟ್ಟಿ ಮಾಡಿಸಿ ಇದನ್ನ," ಅಂದರು. "ಮೊಳೆ ಇರೋದೇ ಹಿಡಿಯೋಕೆ. ನೀವೂ ಎಂಜಿನಿಯರ್ ಅಂದ್ರು. ಯಾವ ಕಾಲೇಜು?"

"ಮೈಸೂರಲ್ಲೇ," ಅಂದ ವೆಂಕಟರಾಮು.

"ಮೈಸೂರಲ್ಲಿ ಯಾವುದು? ಯಾವ ಬ್ಯಾಚು?"

ವತ್ಸಲಾ ಒಳಗಿನಿಂದ ಕಾಫಿ ತಂದದ್ದರಿಂದ ಆ ಪ್ರಶ್ನೆ ಅಲ್ಲಿಗೆ ತಪ್ಪಿತು. ಆದರೆ ಬಿಸಿಲು, ನಾಣ್ಯ, ಸಂದು ಎಂದು ವಾದಿಸುವ ದಾರಿಯೂ ಅಲ್ಲಿಗೆ ಮುಚ್ಚಿತು. ವಾದಿಸಿದರೆ ಕಾಲೇಜಿನ ಹೆಸರು ಹೇಳಬೇಕಾಗುತ್ತಿತ್ತು.

ಮೇ ತಿಂಗಳಲ್ಲಿ ವಾಯವ್ಯದ ಧೂಳುಗಾಳಿ ಎದ್ದಿತು. ಇಡೀ ಹಗಲು ಆಕಾಶ ಹಳದಿಯಾಗಿ, ಗೋಡೆಯ ನೂರಾರು ಹಲಗೆಗಳು ಒಟ್ಟಿಗೆ ಪಟಪಟನೆ ಬಡಿದುಕೊಳ್ಳತೊಡಗಿದವು. ಮಗನ ಮನೆಗೆ ವಿಸಿಟ್ ವೀಸಾದಲ್ಲಿ ಬಂದಿದ್ದ ಯಜ್ಞೇಶನ ತಾಯಿ ಪೂವಕ್ಕ ಬಾಗಿಲು ಹಾಕಿಕೊಂಡು ಕೂತರು.

"ಅದು ಗೋಡೆ ಅಲ್ಲ," ಅಂದರು. "ಅದಕ್ಕೆ ಎಂತದೋ ಹೇಳ್ಲಿಕ್ಕುಂಟು. ಒಂದು ತೆಂಗಿನಕಾಯಿ ಒಡೆಸು ಮಗಾ."

ಯಜ್ಞೇಶ್ ತೆಂಗಿನಕಾಯಿ ಒಡೆದ. ಗಾಳಿ ನಿಲ್ಲಲಿಲ್ಲ. ಮೂರನೆಯ ದಿನ ಅಬು ರಾಶಿದರೇ ತಲೆಗೆ ಹೊದ್ದ ಗುತ್ರ ಬಟ್ಟೆಯನ್ನು ಮುಖಕ್ಕೆ ಸುತ್ತಿಕೊಂಡು ಬಂದರು.

"ಮುಹಂದಿಸ್, ನಿಮ್ಮ ಗೋಡೆ ಚಪ್ಪಾಳೆ ತಟ್ತಾ ಉಂಟು ಅಂತ ಹೇಳ್ತಿದ್ದಾರೆ," ಯಜ್ಞೇಶ್ ತಿರುಗಿಸಿದ. "ಮದುವೆ ದಿನ ಇಮಾಮರು ಮಾತಾಡುವಾಗ ಹೀಗೆ ತಟ್ಟಿದ್ರೆ ಚಂದ ಅಲ್ಲ ಅಂತೆ. ಸರಿ ಮಾಡಿ ಅಂತೆ."

"ಅವರಿಗೆ ಹೇಳಿ," ಅಂದ ವೆಂಕಟರಾಮು. "ಬಿಗಿ ಮಾಡಿದರೆ ಬಿಸಿಲಿಗೆ..."

"ನಾನೊಂದು ಹೇಳ್ಲಾ? ರಾಮಸ್ವಾಮಿಯವರೂ ಹೇಳಿ ಆಯ್ತು, ಧಣಿಗಳೂ ಹೇಳಿ ಆಯ್ತು. ನನ್ನ ಅಮ್ಮ ಊಟ ಬಿಟ್ಟು ಕೂತಿದ್ದಾರೆ. ಆ ಕಾಗದ ಬರೆದವ ದೋಹಾ ನೋಡಿದ್ದಾನಾ? ಇಲ್ಲಿನ ಗಾಳಿ ನೋಡಿದ್ದಾನಾ?"

ನೋಡಿರಲಾರ ಎಂದು ವೆಂಕಟರಾಮುವಿಗೂ ಅನ್ನಿಸಿತು. ಅವನು ಅಬು ರಾಶಿದರ ಕಡೆ ತಿರುಗಿ ತಲೆಯಾಡಿಸಿದ. ಮುಂದಿನ ಶುಕ್ರವಾರ ಗೋಡೆ ಬಿಗಿ ಮಾಡುವ ಕಾರ್ಯ ಒಂದು ಹಬ್ಬದಂತೆ ನಡೆಯಿತು. ಮೂಸಬ್ಬ ಕರೆಯದೆಯೇ ಬಂದ. ಕಳೆದುಹೋದ ಮರ್ಯಾದೆಯನ್ನು ಒಂದೊಂದೇ ಮೊಳೆಯಲ್ಲಿ ವಾಪಸು ಹೊಡೆದ. ಇದ್ದ ಮೊಳೆಗಳು ಸಾಲದೆಂದು ಹಲಗೆಯ ನಡುವೆ ಹೊಸ ಮೊಳೆ ಹೊಡೆದ. ಯಜ್ಞೇಶ್ ಅಂಗಡಿಯಿಂದ ಅಂಟಿನ ಟ್ಯೂಬುಗಳನ್ನು ತಂದು, ಹಲಗೆಗಳು ಕೂಡುವ ಸಂದುಗಳನ್ನೆಲ್ಲ ತುಂಬಿದ. ಸಂಜೆ ಲಲಿತಮ್ಮನವರು ಬಂದು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಅಲ್ಲಾಡಲಿಲ್ಲ. ಎರಡು ಕೈಯಲ್ಲಿ ಹಿಡಿದರು. ಅಲ್ಲಾಡಲಿಲ್ಲ.

"ಈಗ ಮನೆ ಅನ್ನಿಸ್ತಿದೆ," ಅಂದರು.

ಎಲ್ಲರೂ ಹೋದ ಮೇಲೆ ವತ್ಸಲಾ ಗೋಡೆಯ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದು, ಒಳಗೆ ಬಂದು ಪಾತ್ರೆ ತೊಳೆದಳು.

ಜೂನ್ ಬಂತು. ಆ ಊರಿನ ಜೂನಿನ ಬಗ್ಗೆ ಹೆಚ್ಚು ಹೇಳುವುದು ಬೇಡ. ನಲ್ಲಿಯ ತಣ್ಣೀರಿನಲ್ಲಿ ಕೈ ಸುಡುತ್ತದೆ. ಎರಡನೆಯ ವಾರ ಒಂದು ಮಧ್ಯಾಹ್ನ ಗೋಡೆಯೊಳಗೆ 'ಟಪ್' ಎಂದು ಒಂದು ಸದ್ದಾಯಿತು. ವತ್ಸಲಾ ಹೊರಗೆ ಹೋಗಿ ನೋಡಿದರೆ ಒಂದು ಹಲಗೆ ಎರಡು ಮೊಳೆಗಳ ನಡುವೆ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಉಬ್ಬಿತ್ತು. ಸಂಜೆಯ ಹೊತ್ತಿಗೆ ಸ್ವಲ್ಪ ಇಳಿಯಿತು. ಮರುದಿನ ನಾಲ್ಕು ಉಬ್ಬಿದವು. ಅದರ ಮರುದಿನ ಇಡೀ ಗೋಡೆಗೆ ಅಲೆ ಎದ್ದಿತು. ವೆಂಕಟರಾಮು ಮೊಳೆ ಸಡಿಲಿಸಲು ನೋಡಿದ. ದೋಣಿ ಕಟ್ಟುವವರ ಮಗ ಹೊಡೆದ ಮೊಳೆಗಳು ಅವು, ಒಂದೂ ಕದಲಲಿಲ್ಲ. ಅಂಟು ಕೆರೆಯಲು ಹೋದರೆ ಹಲಗೆಯೇ ಸೀಳಿತು. ಮೂಸಬ್ಬನಿಗೆ ಫೋನು ಮಾಡಿದರೆ ಅವನು ರಜೆಯ ಮೇಲೆ ಊರಿಗೆ ಹೋಗಿದ್ದ.

ಹಾಗಾಗಿ ಗಂಡಹೆಂಡತಿ ಗೋಡೆಯನ್ನು ತಣ್ಣಗಿಡಲು ಹೊರಟರು. ವೆಂಕಟರಾಮು ಅರ್ಧ ದಿನ ರಜೆ ಹಾಕಿ ಬರುತ್ತಿದ್ದ. ಫ್ರಿಜ್ಜಿನ ನೀರು, ಬಕೆಟ್ಟಿನಲ್ಲಿ ಐಸು. ಒದ್ದೆ ಮಾಡಿದ ಬೆಡ್‌ಶೀಟುಗಳು, ಪಂಚೆಗಳು, ವತ್ಸಲಾಳ ಮದುವೆಯ ಎರಡು ರೇಷ್ಮೆ ಸೀರೆ ಬಿಟ್ಟು ಉಳಿದ ಎಲ್ಲ ಸೀರೆಗಳು ಗೋಡೆಯ ಮೇಲೆ ನೇತಾಡಿದವು. ಗಾನವಿ ಏಣಿ ಹಿಡಿದಿದ್ದಳು.

"ಅಪ್ಪ, ವಾಲ್‌ಗೆ ಫೀವರ್ ಬಂದಿದ್ಯಾ?" ಎಂದು ಕೇಳಿದಳು.

"ಹೌದಮ್ಮ. ಇಳಿಯತ್ತೆ."

ಇಳಿಯಲಿಲ್ಲ. ಮದುವೆಗೆ ಇನ್ನೂ ಎರಡು ವಾರ ಇರುವಾಗ, ಡೇರೆಯ ಜಾಗ ನೋಡಲು ಬೀಗರ ಕಡೆಯ ಹಿರಿಯರನ್ನು ಕರೆದುಕೊಂಡು ಅಬು ರಾಶಿದರು ಹಿತ್ತಲಿಗೆ ಬಂದರು. ಹೆಣ್ಣಿನ ಕಡೆಯವರು ಮೊದಲ ಸಲ ಬರುವಾಗ ಮನೆಯ ಎದುರು ಮೂವತ್ತು ಸೀರೆ, ಏಳು ಪಂಚೆ ಒಣಹಾಕಿದ್ದನ್ನು ಅವರು ನೋಡಿದರು. ಯಜ್ಞೇಶ್ ಓಡಿ ಬಂದ. ದಾರಿಯಲ್ಲೇ ಸಿಕ್ಕಿದ ರಾಮಸ್ವಾಮಿಗಳನ್ನೂ ಎಳೆತಂದಿದ್ದ.

"ಇದೇನು ಅಂತ ಕೇಳ್ತಿದ್ದಾರೆ."

"ಏನಿಲ್ಲ, ಒಗೆದದ್ದು," ಅಂದ ವೆಂಕಟರಾಮು.

ತಂದೆಯ ಜೊತೆ ಬಂದಿದ್ದ ರಾಶಿದ ಮುಂದೆ ಬಂದು ಒಂದು ಸೀರೆ ಸರಿಸಿದ. ಸೀರೆಯ ತಂಪು ತಪ್ಪಿದ್ದೇ ತಡ, ಉದ್ದನೆಯ ಹಲಗೆಯೊಂದು ಎರಡು ತುದಿಯನ್ನೂ ಬಿಡಿಸಿಕೊಂಡು ಕಿತ್ತು ಬಂದು ಬೀಗರ ಕಾಲ ಬುಡದಲ್ಲಿ ಬಿತ್ತು. ಅದರ ಹಿಂದೆ ಮರದ ಪಟ್ಟಿ, ಪಟ್ಟಿಯ ಹಿಂದೆ ಆ ಹಳೆಯ ಹುಣ್ಣು. ಆಮೇಲೆ ಒಂದರ ಹಿಂದೆ ಒಂದು ಇನ್ನೂ ಮೂರು ಬಿದ್ದವು. ಬೀಗರು ಆಕಾಶ ನೋಡಿದರು, ಅದು ಅವರ ದೊಡ್ಡತನ.

ರಾಮಸ್ವಾಮಿಗಳು ಕನ್ನಡಕ ಏರಿಸಿ ಬಿದ್ದ ಹಲಗೆಯನ್ನು ಪರೀಕ್ಷಿಸಿದರು.

"ಎಕ್ಸ್‌ಪಾನ್ಷನ್ ರೀ. ಪ್ಲಾಸ್ಟಿಕ್ಕಿಗೆ ಹಿಗ್ಗೋಕೆ ಜಾಗ ಬಿಡಬೇಕು ಅಂತ ಮೊದಲ ವರ್ಷದ ಹುಡುಗರಿಗೂ ಗೊತ್ತು. ಬಿಗಿ ಮಾಡಿ ಅಂತ ಯಾರು ಹೇಳಿದ್ದು ನಿಮಗೆ?"

"ತಾವೇ ಹೇಳಿದ್ರಿ."

"ನಾನು ಹೇಳಿದ್ದು ಗಟ್ಟಿ ಮಾಡಿ ಅಂತ. ಬಿಗಿ ಮಾಡಿ ಅಂತ ಅಲ್ಲ. ಎಂಜಿನಿಯರ್ ಆದವರಿಗೆ ಅಷ್ಟು ವ್ಯತ್ಯಾಸ ಗೊತ್ತಾಗಬೇಡವೇನ್ರೀ? ಕಾಲೇಜು ಯಾವುದು ಅಂದ್ರಿ?"

ಆಗ ವೆಂಕಟರಾಮು ಹೇಳಿಬಿಟ್ಟ. ತಾನು ಎಂಜಿನಿಯರ್ ಅಲ್ಲ, ಟಿಕೆಟ್ ವಿಭಾಗದವನು, ಬಿ.ಕಾಂ. ಓದಿದವನು, ಈ ಹಲಗೆಯನ್ನು ಪೆಟ್ಟಿಗೆ ತೆರೆಯುವ ತನಕ ಕಂಡೇ ಇರಲಿಲ್ಲ. ಹೇಳುವಾಗ ಅವನ ಕೈಯಲ್ಲಿ ಐಸು ಕರಗಿದ ಬಕೆಟ್ಟಿತ್ತು. ಯಜ್ಞೇಶ್ ಅಷ್ಟನ್ನೂ ತಲೆತಗ್ಗಿಸಿಕೊಂಡು ಅರಬ್ಬಿಗೆ ತಿರುಗಿಸಿದ. ಅಬು ರಾಶಿದರು ಕೋಪ ಮಾಡಿಕೊಳ್ಳಲಿಲ್ಲ. ಗಡ್ಡ ಸವರಿಕೊಂಡು, ಆರೋಗ್ಯ ವಿಚಾರಿಸುವಂಥ ಅದೇ ದನಿಯಲ್ಲಿ ಏನೋ ಹೇಳಿದರು.

"ಏನಂತೆ?"

"ಅವರಿಗೆ ಗೊತ್ತಿತ್ತಂತೆ ಮಾರಾಯ್ರೆ, ನೀವು ಎಂಜಿನಿಯರ್ ಅಲ್ಲಾಂತ. ಕನ್ನಡಕ ಹಾಕಿದವರಿಗೆಲ್ಲ ಅವರು ಮುಹಂದಿಸ್ ಅಂತ್ಲೇ ಹೇಳುದಂತೆ, ಮರ್ಯಾದೆಗೆ. ಆ ದಿನ ಹಲಗೆ ಮಾರಿದ ಕಂಪನಿಯವರು ತಮ್ಮದೇ ಜನ ಕಳಿಸ್ತೇವೆ, ಕೂರಿಸಿ ಕೊಡ್ತೇವೆ ಅಂದಿದ್ರಂತೆ. ನೀವು ಮೂರು ದಾರಿ ಉಂಟು ಅಂದ ಮೇಲೆ ಇವರು ಫೋನು ಮಾಡಿ ಬೇಡ ಅಂದ್ರಂತೆ. ಗೊತ್ತಿಲ್ಲ ಅಂದಿದ್ರೆ ಸಾಕಿತ್ತು ಅಂತ ಹೇಳ್ತಿದ್ದಾರೆ."

"ಕಂಪನಿಯವರು ಈಗ ಬರ್ತಾರಾ ಕೇಳಿ."

ಯಜ್ಞೇಶ್ ಕೇಳಿದ. ಅಬು ರಾಶಿದರು ಅಂಗೈ ತಿರುವಿ ತೋರಿಸಿದರು.

"ಹಲಗೆ ಮಾಫಿ, ಒಂದೂ ಇಲ್ಲ. ಇದ್ದದ್ದೆಲ್ಲ ಈ ಗೋಡೆಗೇ ಹಾಕಿ ಆಯ್ತಲ್ಲ. ವಾರದೊಳಗೆ ಖಾಲಿ ಮಾಡಿ ಅಂತೆ. ಅವರಿಗೂ ಬೇಜಾರುಂಟಂತೆ."

ಆ ವಾರ ಬೇರೆ ಮನೆ ಹುಡುಕಿದ್ದನ್ನು ಹೇಳಿ ಓದುಗರನ್ನು ಅಳಿಸುವುದಿಲ್ಲ, ಸಿಗಲಿಲ್ಲ. ಯಜ್ಞೇಶ್ ತನ್ನ ಪೋರ್ಶನ್ನಿನಲ್ಲಿ ಒಂದು ಕೋಣೆ ಬಿಟ್ಟುಕೊಡುತ್ತೇನೆ ಎಂದ. ಅಲ್ಲಿ ಪೂವಕ್ಕ ಇದ್ದರು, ಮಕ್ಕಳಿದ್ದವು, ಅವನ ಹೆಂಡತಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಬೇಡ ಎಂದರು. ಲಲಿತಮ್ಮನವರು ಬಂದು ಸಾಮಾನು ಕಟ್ಟಲು ಸಹಾಯ ಮಾಡಿದರು, ನಡುನಡುವೆ ಕಣ್ಣೊರೆಸಿಕೊಂಡರು.

ತಾಯಿಮಗಳು ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಗಾನವಿ ತನ್ನ ಶಾಲೆಯ ಚೀಲವನ್ನು ಯಾರಿಗೂ ಕೊಡದೆ ಬೆನ್ನಿಗೇ ಹಾಕಿಕೊಂಡಿದ್ದಳು. ವತ್ಸಲಾ ಗಂಡನ ಅಂಗಿಯ ಗುಂಡಿ ನೋಡುತ್ತ ನಿಂತಿದ್ದಳು.

"ನೀವು ತಪ್ಪು ಮಾಡಿದ್ರೆ ಬೈದಾದ್ರೂ ಹೋಗ್ತಿದ್ದೆ," ಅಂದಳು. "ಮೊದಲು ಮಾಡಿದ್ದು ಸರಿಯಾಗೇ ಇತ್ತು. ಅದೇ ತಡೆಯೋಕಾಗ್ತಿಲ್ಲ ನನಗೆ."

ವೆಂಕಟರಾಮುವಿಗೂ ತಡೆಯಲಾಗಲಿಲ್ಲ. ಅಲ್ಲಿಂದ ಅವನು ನೇರ ಬಿನ್ ಒಮ್ರಾನ್‌ನ ಹಂಚಿಕೆಯ ಕೋಣೆಗೆ ಹೋಗಿ, ಮೇಲಿನ ಮಂಚ ಹತ್ತಿ, ತನ್ನ ಮೂಗಿನ ಹತ್ತಿರವೇ ಇದ್ದ ಸೂರು ನೋಡುತ್ತ ಮಲಗಿದ. ಐನ್ ಖಾಲಿದ್‌ನಲ್ಲಿ ಮನೆ ಕೆಡವಲು ಯಂತ್ರ ಬಂತು. ಮರುದಿನದ ಹೊತ್ತಿಗೆ ನೆಲ ಮಟ್ಟವಾಗಿತ್ತು ಎಂದು ಯಜ್ಞೇಶ್ ಫೋನಿನಲ್ಲಿ ಹೇಳಿದ.

ಅಬು ರಾಶಿದರು ಮರ್ಯಾದಸ್ಥರು ಎಂದು ಹಿಂದೆಯೇ ಸೂಚಿಸಿದ್ದೇವೆ. ಮದುವೆಗೆ ಮುಹಂದಿಸ್ ಬರಲೇಬೇಕು ಎಂದು ಅವರು ಎರಡು ಸಲ ಹೇಳಿ ಕಳಿಸಿದರು. ವೆಂಕಟರಾಮು ಹೋದ. ಮನೆಯಿದ್ದ ಜಾಗದಲ್ಲಿ ಎದ್ದ ಡೇರೆ ಎಂದರೆ ಅರಮನೆಯೇ. ಕೆಂಪು ರತ್ನಗಂಬಳಿ, ತೂಗುದೀಪ, ಬಾಗಿಲಿಗೊಂದು ಏಸಿ ಯಂತ್ರ. ಅವನು ವಿಲ್ಲಾದ ಮೇಲಿದ್ದ ನೀರಿನ ಟ್ಯಾಂಕನ್ನು ಬಾಗಿಲಿನಿಂದಲೇ ಗುರುತು ಹಿಡಿದು 'ಇಲ್ಲಿ ನಡುಮನೆ, ಇಲ್ಲಿ ಮಲಗುವ ಕೋಣೆ' ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡು ಒಳಗೆ ನಡೆದ. ಯಜ್ಞೇಶ್ ಅವನನ್ನು ಕೂರಿಸಿದ ಜಾಗದಲ್ಲಿ ಮೊದಲು ವತ್ಸಲಾಳ ಒಲೆ ಇತ್ತು. ಅಬು ರಾಶಿದರು ಎಲ್ಲರನ್ನೂ ಬಿಟ್ಟು ಹತ್ತಿರ ಬಂದು, ಭುಜ ಹಿಡಿದು, ಪಕ್ಕದವರಿಗೆ ಪರಿಚಯ ಮಾಡಿಸಿದರು. ಇವನು ಮಾಂಸ ತಿನ್ನುವುದಿಲ್ಲವೆಂದು ನೆನಪಿಟ್ಟುಕೊಂಡು ಬೇರೆ ತಟ್ಟೆಯಲ್ಲಿ ಹಣ್ಣು, ರೊಟ್ಟಿ ತರಿಸಿದರು.

ಪಕ್ಕದಲ್ಲಿ ಬಿಳಿ ಗಡ್ಡದ ಮುದುಕರೊಬ್ಬರಿದ್ದರು. ಅವರು ತಮ್ಮ ಕೈಯಿಂದಲೇ ಒಂದು ಕಿತ್ತಳೆ ಸುಲಿದು ಇವನ ತಟ್ಟೆಗಿಟ್ಟು ಏನೋ ಕೇಳಿದರು.

"ನಿಮ್ಮ ಮನೆ ಎಲ್ಲಿ ಅಂತ ಕೇಳ್ತಿದ್ದಾರೆ," ಅಂದ ಯಜ್ಞೇಶ್.

ವೆಂಕಟರಾಮು ಕಂಬಳಿಯ ಮೇಲೆ ಕೈಯಿಟ್ಟ.

"ಇಲ್ಲೇ," ಅಂದ.

ಯಜ್ಞೇಶ್ ಅದನ್ನು ಹಾಗೆಯೇ ತಿರುಗಿಸಿದ. ಮುದುಕರ ಮುಖ ಅರಳಿತು. ತಲೆದೂಗಿ, ಇವನ ಮೊಣಕಾಲು ತಟ್ಟಿ ಏನೋ ಹೇಳಿದರು.

"ಎಂತಿಲ್ಲ," ಅಂದ ಯಜ್ಞೇಶ್. "ಒಳ್ಳೇದಾಯ್ತು ಅಂತೆ. ದೂರದವರಿಗೆ ಕಷ್ಟ, ನೀವು ಊಟ ಮುಗಿಸಿ ನಡ್ಕೊಂಡೇ ಮನೆಗೆ ಹೋಗ್ಬಹುದಲ್ಲ, ಹೆಂಡತಿ ಮಕ್ಕಳು ಹೆಚ್ಚು ಹೊತ್ತು ಕಾಯ್ಬೇಕಾಗುದಿಲ್ಲ ಅಂತೆ."

ವೆಂಕಟರಾಮು ಹೌದೆಂದು ತಲೆಯಾಡಿಸಿ ಕಿತ್ತಳೆ ತಿಂದ.